ಪೆಲೆಟ್ ಗ್ರಿಲ್ ತಾಪ ನಿಯಂತ್ರಕ
ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್‌ಗಳಿಂದ ಉರಿಯುವ ಗ್ರಿಲ್‌ನ ಶಾಖವನ್ನು ಹಿಡಿತದಲ್ಲಿಡುವ ವಿದ್ಯುನ್ಮಾನ ಸಾಧನ. ಈ ಗ್ರಿಲ್ ಅನ್ನು 1980ರ ದಶಕದಲ್ಲಿ ಅಮೆರಿಕದ ಆರೆಗನ್‌ನಲ್ಲಿ ಜೋ ಟ್ರೇಗರ್ ರೂಪಿಸಿದರು. ಹಳೆಯ ನಿಯಂತ್ರಕಗಳಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರೇ ಹಂತ. ಪೆಲೆಟ್ ತಳ್ಳುವ ತಿರುಪು ಗೊತ್ತುಪಡಿಸಿದಷ್ಟು ಸೆಕೆಂಡು ತಿರುಗಿ ನಿಲ್ಲುತ್ತಿತ್ತು. ಹೊರಗಿನ ಚಳಿಗಾಳಿಯ ಪರಿವೆ ಅದಕ್ಕಿರಲಿಲ್ಲ. ಬದಲಿಗೆ ಕೂರಿಸುವ ಪಿಐಡಿ ನಿಯಂತ್ರಕವು ಬೇಕಾದ ಶಾಖಕ್ಕೂ ಇರುವ ಶಾಖಕ್ಕೂ ನಡುವಿನ ಅಂತರ, ಅದು ಕೂಡುತ್ತ ಬಂದ ಮೊತ್ತ, ಬದಲಾಗುವ ವೇಗ ಮೂರನ್ನೂ ಲೆಕ್ಕಹಾಕಿ ಪೆಲೆಟ್ ಉಣಿಸುತ್ತದೆ. ಏರಿಳಿತ ಬಹಳಷ್ಟು ತಗ್ಗುತ್ತದೆ. ಹಳೆಯದನ್ನು ತೆಗೆದು ಹೊಸ ನಿಯಂತ್ರಕ ಕೂರಿಸುವಾಗ ಪ್ಲಗ್ ಕಿತ್ತ ಮೇಲೆಯೇ ಕೆಲಸಕ್ಕಿಳಿಯಬೇಕು. ಮೋಟರ್, ಫ್ಯಾನ್, ಹೊತ್ತಿಸುವ ಕಡ್ಡಿಗಳ ವೈರುಗಳಷ್ಟೇ ಅಲ್ಲ, ಸೆನ್ಸರ್‌ನ ಬಗೆಯೂ ಹೊಂದಬೇಕು. ಇಲ್ಲವಾದರೆ ತೋರುವ ಅಂಕಿಯೇ ಸುಳ್ಳು. ಉರಿ ಸ್ಥಿರವಾದಷ್ಟೂ ಹೊಗೆ ತೆಳುವಾಗುತ್ತದೆಂದು ಹಳೆಯದನ್ನೇ ಮೆಚ್ಚುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ.