ವಿಶ್ವದ ಆರಂಭ: ಹಾಕಿಂಗ್ ಎತ್ತಿದ ಪ್ರಶ್ನೆ, ಗಝಾಲಿ ನೀಡಿದ್ದ ಉತ್ತರ

1981ರಲ್ಲಿ ವ್ಯಾಟಿಕನ್‌ನಲ್ಲಿರುವ ಪೋಪರ ವಿಜ್ಞಾನ ಅಕಾಡೆಮಿಯು ವಿಶ್ವದ ಉಗಮದ ಕುರಿತು ಚರ್ಚಿಸಲು ಜಗತ್ತಿನ ಪ್ರಮುಖ ವಿಜ್ಞಾನಿಗಳನ್ನು ಆಹ್ವಾನಿಸಿತು. ಮೂರೂವರೆ ಶತಮಾನಗಳ ಹಿಂದೆ ಗೆಲಿಲಿಯೊನನ್ನು ವಿಚಾರಣೆಗೆ ನಿಲ್ಲಿಸಿದ್ದ ಚರ್ಚು ಈಗ ವಿಜ್ಞಾನಿಗಳನ್ನು ಅತಿಥಿಗಳಾಗಿ ಬರಮಾಡಿಕೊಂಡಿತ್ತು. ಆ ಅತಿಥಿಗಳಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ, ಮಾತು ಬಹಳ ಅಸ್ಪಷ್ಟವಾಗಿದ್ದ ಕೇಂಬ್ರಿಡ್ಜ್‌ನ ಪ್ರಾಧ್ಯಾಪಕರೊಬ್ಬರಿದ್ದರು. ಅವರೇ ಸ್ಟೀಫನ್ ಹಾಕಿಂಗ್.

ಸಮ್ಮೇಳನದ ಕೊನೆಯಲ್ಲಿ ಎರಡನೆಯ ಜಾನ್ ಪಾಲ್ ಪೋಪರು ವಿಜ್ಞಾನಿಗಳನ್ನು ಭೇಟಿಯಾದರು. ಮಹಾಸ್ಫೋಟದ ನಂತರದ ಬೆಳವಣಿಗೆಯನ್ನು ಅಧ್ಯಯನ ಮಾಡಿರಿ, ಆದರೆ ಮಹಾಸ್ಫೋಟವು ದೇವನ ಸೃಷ್ಟಿಕಾರ್ಯವಾದುದರಿಂದ ಅದನ್ನು ಕೆದಕಬೇಡಿರಿ ಎಂದು ಪೋಪರು ಹೇಳಿದರೆಂದು ಹಾಕಿಂಗ್ ಮುಂದೆ ಬರೆದರು. ತಾನು ಆಗಷ್ಟೇ ಮಂಡಿಸಿದ್ದ ಪ್ರಬಂಧದ ವಿಷಯ ಪೋಪರಿಗೆ ತಿಳಿದಿರಲಿಲ್ಲವೆಂಬುದು ಅವರಿಗೆ ಸಮಾಧಾನ ತಂದಿತ್ತಂತೆ. ಆದರೆ ಪೋಪರ ಪ್ರಕಟಿತ ಭಾಷಣದಲ್ಲಿ ಅಂತಹ ನಿಷೇಧವೇನೂ ಕಾಣಿಸುವುದಿಲ್ಲ. ವಿಶ್ವದ ಮೂಲದ ಪ್ರಶ್ನೆಯನ್ನು ವಿಜ್ಞಾನವು ತಾನೊಂದೇ ಬಗೆಹರಿಸಲಾರದು, ಅದಕ್ಕೆ ಭೌತವಿಜ್ಞಾನವನ್ನು ಮೀರಿದ ಜ್ಞಾನವೂ ಬೇಕು ಎಂಬುದಷ್ಟೇ ಅಲ್ಲಿದೆ. ಇವೆರಡೂ ಬೇರೆ ಬೇರೆ ಮಾತುಗಳು. ಮೊದಲನೆಯದು ವಿಚಾರಕ್ಕೆ ಬೇಲಿ ಹಾಕುತ್ತದೆ. ಎರಡನೆಯದು ವಿಜ್ಞಾನದ ವ್ಯಾಪ್ತಿ ಎಲ್ಲಿಯವರೆಗೆ ಎಂದು ವಿಚಾರಿಸುತ್ತದೆ. ಹಾಕಿಂಗ್ ಮತ್ತು ದೇವವಿಶ್ವಾಸದ ಕುರಿತಾದ ಇಂದಿನ ಹೆಚ್ಚಿನ ಗೊಂದಲಗಳು ಈ ಎರಡನ್ನೂ ಒಂದೆಂದು ಬಗೆಯುವುದರಿಂದಲೇ ಹುಟ್ಟಿವೆ.

ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಇಂದು ಈ ಹೆಸರನ್ನು ಕೇಳುತ್ತಿದ್ದಾರೆ. ಇಷ್ಟು ದೊಡ್ಡ ವಿಜ್ಞಾನಿಯೇ ಸೃಷ್ಟಿಕರ್ತನ ಅಗತ್ಯವಿಲ್ಲ ಎಂದಿರುವಾಗ ನಾವೇಕೆ ನಂಬಬೇಕೆಂದು ಮನೆಯಲ್ಲಿ ಕೇಳುತ್ತಾರೆ. ಗದರಿಸಿ ಸುಮ್ಮನಾಗಿಸಿದರೆ ಪ್ರಶ್ನೆ ಸಾಯುವುದಿಲ್ಲ. ಅದು ಮನೆಯಿಂದ ಹೊರಗೆ ಹೋಗಿ ಬೇರೆಯವರಲ್ಲಿ ಉತ್ತರ ಹುಡುಕುತ್ತದೆ. ಆದ್ದರಿಂದ ಹಾಕಿಂಗ್ ನಿಜವಾಗಿ ಹೇಳಿದ್ದೇನು ಎಂಬುದನ್ನು ಮೊದಲು ಅರಿಯುವುದು ಉಚಿತ.

ಹಾಕಿಂಗ್ ಜನಿಸಿದ್ದು 1942ರ ಜನವರಿ 8ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸ್ನಾಯುಗಳನ್ನು ನಿಶ್ಚಲಗೊಳಿಸುವ ನರರೋಗವೊಂದು ಅವರಲ್ಲಿ ಪತ್ತೆಯಾಯಿತು. ಹೆಚ್ಚು ಕಾಲ ಬದುಕುವ ಭರವಸೆಯನ್ನು ವೈದ್ಯರು ನೀಡಲಿಲ್ಲ. ಆದರೂ ಅವರು ಐವತ್ತಕ್ಕೂ ಹೆಚ್ಚು ವರ್ಷ ಬದುಕಿದರು. 1985ರಲ್ಲಿ ಶಸ್ತ್ರಚಿಕಿತ್ಸೆಯಿಂದ ಧ್ವನಿಯನ್ನು ಪೂರ್ತಿಯಾಗಿ ಕಳೆದುಕೊಂಡ ಮೇಲೆ ಯಂತ್ರದ ಧ್ವನಿಯಲ್ಲಿ ಲೋಕದೊಂದಿಗೆ ಮಾತನಾಡಿದರು.

ಅವರು ಸಂಶೋಧನೆಗೆ ಇಳಿದ ಕಾಲದಲ್ಲಿ ವಿಶ್ವಕ್ಕೆ ಆರಂಭವಿದೆಯೇ ಎಂಬುದೇ ವಿವಾದದ ವಿಷಯವಾಗಿತ್ತು. ಬೆಲ್ಜಿಯಂನ ಪಾದ್ರಿಯೂ ಭೌತವಿಜ್ಞಾನಿಯೂ ಆಗಿದ್ದ ಜಾರ್ಜ್ ಲೆಮೈತ್ರ್ ವಿಶ್ವವು ವಿಸ್ತರಿಸುತ್ತಿದೆಯೆಂದು 1927ರಲ್ಲಿ ಬರೆದಿದ್ದರು. 1929ರಲ್ಲಿ ಅಮೆರಿಕದ ಎಡ್ವಿನ್ ಹಬಲ್ ಪ್ರಕಟಿಸಿದ ವೀಕ್ಷಣೆಗಳು ಅದಕ್ಕೆ ಬಲ ನೀಡಿದವು. ಆದರೆ ವಿಶ್ವವು ಅನಾದಿ, ಅದಕ್ಕೆ ಆರಂಭವೂ ಇಲ್ಲ, ಅಂತ್ಯವೂ ಇಲ್ಲ ಎಂಬ ವಾದವನ್ನು ಕೇಂಬ್ರಿಡ್ಜ್‌ನ ಫ್ರೆಡ್ ಹಾಯ್ಲ್ ಮತ್ತು ಸಂಗಡಿಗರು 1948ರಲ್ಲಿ ಮುಂದಿಟ್ಟರು. ಎದುರಾಳಿ ಸಿದ್ಧಾಂತಕ್ಕೆ ‘ಬಿಗ್ ಬ್ಯಾಂಗ್’ ಎಂಬ ಹೆಸರು ಬಂದದ್ದು ಮರುವರ್ಷ ಹಾಯ್ಲ್ ನೀಡಿದ ರೇಡಿಯೊ ಭಾಷಣದಿಂದಲೇ. 1965ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುತ್ತಿರುವ ಕ್ಷೀಣ ವಿಕಿರಣವನ್ನು ಗುರುತಿಸಿದರು. ವಿಶ್ವವು ಒಂದು ಕಾಲದಲ್ಲಿ ಅತ್ಯಂತ ಬಿಸಿಯಾಗಿಯೂ ಸಾಂದ್ರವಾಗಿಯೂ ಇತ್ತೆಂಬುದಕ್ಕೆ ಅದು ಸಾಕ್ಷಿಯಾಯಿತು. ಅನಾದಿ ವಿಶ್ವದ ವಾದ ಕುಸಿಯತೊಡಗಿತು.

ಆ ವಾದದ ಪತನದಲ್ಲಿ ಹಾಕಿಂಗ್‌ರದ್ದೂ ಪಾಲಿದೆ. ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತವು ಸರಿಯಾಗಿದ್ದರೆ, ಕೆಲವು ಸಹಜ ಷರತ್ತುಗಳಡಿಯಲ್ಲಿ ಗತಕಾಲವು ಒಂದು ಗಡಿಯಲ್ಲಿ ನಿಲ್ಲಲೇಬೇಕು ಎಂಬುದನ್ನು ಅವರು ರೋಜರ್ ಪೆನ್‌ರೋಸ್‌ರೊಂದಿಗೆ 1970ರಲ್ಲಿ ಗಣಿತದ ಮೂಲಕ ತೋರಿಸಿದರು. ಮುಂದೆ ಸೃಷ್ಟಿಕರ್ತನ ಅಗತ್ಯವಿಲ್ಲವೆಂದ ಇದೇ ವ್ಯಕ್ತಿ ವಿಶ್ವಕ್ಕೆ ಆರಂಭವಿದೆ ಎಂಬ ವಾದಕ್ಕೆ ಗಟ್ಟಿಯಾದ ಗಣಿತದ ಆಧಾರ ಒದಗಿಸಿದವರೂ ಹೌದು ಎಂಬುದನ್ನು ನಾವು ಮರೆಯುತ್ತೇವೆ.

ಆದರೆ ಹಾಕಿಂಗ್ ಅಲ್ಲಿಗೆ ನಿಲ್ಲಲಿಲ್ಲ. ಆರಂಭದ ಆ ಗಡಿಯಲ್ಲಿ ಸಾಪೇಕ್ಷತಾ ಸಿದ್ಧಾಂತವೇ ಸೋಲುತ್ತದೆ, ಅಲ್ಲಿ ಕ್ವಾಂಟಮ್ ನಿಯಮಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಅವರ ಮುಂದಿನ ಹೆಜ್ಜೆ. ವ್ಯಾಟಿಕನ್‌ನಲ್ಲಿ ಸೂಚಿಸಿ, 1983ರಲ್ಲಿ ಜೇಮ್ಸ್ ಹಾರ್ಟಲ್‌ರೊಂದಿಗೆ ಪೂರ್ಣವಾಗಿ ಮಂಡಿಸಿದ ಪ್ರಸ್ತಾವದ ಸಾರ ಇಷ್ಟು: ಭೂಮಿಯ ಮೇಲ್ಮೈಗೆ ಮಿತಿಯಿದೆ, ಆದರೆ ಅಂಚಿಲ್ಲ. ಕಾಲ ಮತ್ತು ಸ್ಥಳಗಳೂ ಹಾಗೆಯೇ ಇರಬಹುದು. ದಕ್ಷಿಣ ಧ್ರುವದಲ್ಲಿ ನಿಂತವನು ‘ಇದಕ್ಕಿಂತ ದಕ್ಷಿಣಕ್ಕೆ ಏನಿದೆ’ ಎಂದು ಕೇಳುವುದು ಹೇಗೆ ಅರ್ಥಹೀನವೋ, ‘ಮಹಾಸ್ಫೋಟಕ್ಕಿಂತ ಮೊದಲು ಏನಿತ್ತು’ ಎಂದು ಕೇಳುವುದೂ ಹಾಗೆಯೇ ಅರ್ಥಹೀನ.

1988ರಲ್ಲಿ ಪ್ರಕಟವಾದ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಕೃತಿಯಲ್ಲಿ ಅವರು ಈ ವಿಚಾರವನ್ನು ಜನಸಾಮಾನ್ಯರ ಮುಂದಿಟ್ಟರು. ಅಂಚೇ ಇಲ್ಲದ ವಿಶ್ವದಲ್ಲಿ ಸೃಷ್ಟಿಕರ್ತನಿಗೆ ಯಾವ ಸ್ಥಾನವೆಂದು ಕೇಳಿದರು. ಇದು ಕೇವಲ ಪ್ರಸ್ತಾವವೆಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಂಡರು. 2010ರಲ್ಲಿ ಲಿಯೊನಾರ್ಡ್ ಮ್ಲಾಡಿನೊವ್‌ರೊಂದಿಗೆ ಬರೆದ ‘ದಿ ಗ್ರ್ಯಾಂಡ್ ಡಿಸೈನ್’ ಕೃತಿಯಲ್ಲಿ ಅವರ ಮಾತು ಇನ್ನಷ್ಟು ಖಚಿತವಾಯಿತು. ಗುರುತ್ವದಂತಹ ನಿಯಮವಿರುವುದರಿಂದ ವಿಶ್ವವು ಶೂನ್ಯದಿಂದ ತನ್ನನ್ನು ತಾನೇ ಸೃಷ್ಟಿಸಿಕೊಳ್ಳಬಲ್ಲದು ಎಂದರು. 2014ರಲ್ಲಿ ತಾನು ನಾಸ್ತಿಕನೆಂದು ಬಹಿರಂಗವಾಗಿ ಹೇಳಿದರು. 2018ರ ಮಾರ್ಚ್ 14ರಂದು ನಿಧನರಾದರು.

ಇನ್ನು ಒಂಬತ್ತು ಶತಮಾನಗಳ ಹಿಂದಕ್ಕೆ, ಬಗ್ದಾದಿಗೆ ಹೋಗೋಣ. ಅಲ್ಲಿನ ನಿಝಾಮಿಯಾ ವಿದ್ಯಾಪೀಠದಲ್ಲಿ ಬೋಧಿಸುತ್ತಿದ್ದ ಇಮಾಮ್ ಗಝಾಲಿ(ರ) ಸುಮಾರು 1095ರಲ್ಲಿ ‘ತಹಾಫುತುಲ್ ಫಲಾಸಿಫ’ ಎಂಬ ಗ್ರಂಥವನ್ನು ರಚಿಸಿದರು. ವಿಶ್ವವು ಅನಾದಿ ಎಂದು ವಾದಿಸುತ್ತಿದ್ದ ಅಂದಿನ ತತ್ವಜ್ಞಾನಿಗಳಿಗೆ ಉತ್ತರಿಸುವುದು ಅದರ ಮೊದಲ ಚರ್ಚೆಯ ಉದ್ದೇಶ. ವಿಶ್ವಕ್ಕೆ ಆರಂಭವಿದ್ದರೆ ಅದಕ್ಕಿಂತ ಮೊದಲೂ ಕಾಲವಿರಬೇಕಲ್ಲವೇ ಎಂಬುದು ಎದುರಾಳಿಗಳ ಪ್ರಶ್ನೆ. ಕಾಲವೂ ಸೃಷ್ಟಿಯೇ, ಅದಕ್ಕಿಂತ ಮೊದಲು ಯಾವ ಕಾಲವೂ ಇರಲಿಲ್ಲ ಎಂದು ಗಝಾಲಿ ಉತ್ತರಿಸಿದರು. ವಿಶ್ವದ ಎಲ್ಲೆಯ ಆಚೆಗೆ ‘ಮೇಲೆ’ ಎಂಬುದೊಂದನ್ನು ಮನಸ್ಸು ಹೇಗೆ ಕಲ್ಪಿಸಿಕೊಳ್ಳುತ್ತದೆಯೋ ಹಾಗೆಯೇ ವಿಶ್ವದ ಆರಂಭಕ್ಕಿಂತ ‘ಮೊದಲು’ ಎಂಬುದನ್ನೂ ಕಲ್ಪಿಸಿಕೊಳ್ಳುತ್ತದೆ, ಎರಡೂ ಕಲ್ಪನೆಯ ಕೆಲಸವೇ ಎಂದು ವಿವರಿಸಿದರು.

ದಕ್ಷಿಣ ಧ್ರುವದ ಹೋಲಿಕೆಗೂ ಇದಕ್ಕೂ ಎಷ್ಟು ಸಾಮೀಪ್ಯ! ಆದರೆ ತೀರ್ಮಾನ ಮಾತ್ರ ವಿರುದ್ಧ. ‘ಮೊದಲು’ ಎಂಬುದಿಲ್ಲದ ಮೇಲೆ ಸೃಷ್ಟಿಕರ್ತನಿಗೆ ಸ್ಥಾನವೆಲ್ಲಿ ಎಂದರು ಹಾಕಿಂಗ್. ಕಾಲವೇ ಸೃಷ್ಟಿಯಾದ ಮೇಲೆ ಸೃಷ್ಟಿಕರ್ತನನ್ನು ಕಾಲದೊಳಗೆ ಹುಡುಕುವುದೇಕೆ ಎಂಬುದು ಗಝಾಲಿಯವರ ವಾದದ ಧ್ವನಿ. ಕಾಲದ ಮೊದಲ ಕ್ಷಣದಲ್ಲಿ ವಿಶ್ವವನ್ನು ಚಾಲನೆಗೊಳಿಸಿ ಸರಿದು ನಿಂತ ದೇವನನ್ನು ಹಾಕಿಂಗ್ ನಿರಾಕರಿಸಿರಬಹುದು. ಅಂತಹ ದೇವನನ್ನು ಇಸ್ಲಾಮ್ ಎಂದೂ ಬೋಧಿಸಲಿಲ್ಲ. ಅಲ್ಲಾಹನು ಪ್ರತಿಕ್ಷಣವೂ ಅಸ್ತಿತ್ವವನ್ನು ಎತ್ತಿಹಿಡಿದಿರುವವನು. ಆತನ ಒಂದು ಹೆಸರೇ ಅಲ್ ಕಯ್ಯೂಮ್. ಗಝಾಲಿಯವರು ಹಲವು ವಿಷಯಗಳಲ್ಲಿ ಖಂಡಿಸಿದ ಇಬ್ನು ಸೀನಾ ಕೂಡ ವಿಶ್ವವು ಅನಾದಿಯೇ ಆಗಿದ್ದರೂ ತನ್ನಷ್ಟಕ್ಕೆ ಇರಲಾರದು, ಅನಿವಾರ್ಯ ಅಸ್ತಿತ್ವವುಳ್ಳ ಒಬ್ಬನನ್ನು ಅದು ಅವಲಂಬಿಸಿರಲೇಬೇಕು ಎಂದಿದ್ದರು. ಅಂದರೆ ಅಂಚಿನ ಪ್ರಶ್ನೆ ಬಗೆಹರಿದರೂ ಅಸ್ತಿತ್ವದ ಪ್ರಶ್ನೆ ಉಳಿದೇ ಇರುತ್ತದೆ.

2010ರ ವಾದವನ್ನೂ ಇದೇ ಬೆಳಕಿನಲ್ಲಿ ಪರಿಶೀಲಿಸಬಹುದು. ಗುರುತ್ವದ ನಿಯಮ ಇರುವಲ್ಲಿ ‘ಏನೂ ಇಲ್ಲ’ ಎನ್ನಲಾಗದು. ನಿಯಮವು ಘಟನೆಗಳ ಕ್ರಮವನ್ನು ವಿವರಿಸುತ್ತದೆ, ಅದು ತಾನಾಗಿ ಏನನ್ನೂ ನಿರ್ಮಿಸುವುದಿಲ್ಲ. ಕೂಡಿಸುವ ಲೆಕ್ಕ ಎಷ್ಟೇ ಸರಿಯಾಗಿದ್ದರೂ ಜೇಬಿಗೆ ಹಣ ಬೀಳುವುದಿಲ್ಲ. ಸಮೀಕರಣಗಳಿಗೆ ಜೀವ ತುಂಬಿ, ಅವು ವರ್ಣಿಸುವ ವಿಶ್ವವೊಂದು ಇರುವಂತೆ ಮಾಡುವುದು ಯಾವುದೆಂದು 1988ರಲ್ಲಿ ಸ್ವತಃ ಹಾಕಿಂಗ್ ಕೇಳಿದ್ದರು. ಆ ಪ್ರಶ್ನೆಗೆ 2010ರ ಪುಸ್ತಕ ಉತ್ತರಿಸಿತೆನ್ನಲು ಸಾಧ್ಯವಿಲ್ಲ.

ಪವಿತ್ರ ಕುರ್‌ಆನಿನ 52ನೇ ಅಧ್ಯಾಯವಾದ ಅತ್ತೂರ್‌ನ 35ನೇ ಸೂಕ್ತವು ಮನುಷ್ಯನ ಮುಂದೆ ಎರಡು ಪ್ರಶ್ನೆಗಳನ್ನಿಡುತ್ತದೆ: ಅವರು ಏನೂ ಇಲ್ಲದೆ ತಾವಾಗಿ ಉಂಟಾದರೇ, ಇಲ್ಲವೇ ತಮ್ಮ ಸೃಷ್ಟಿಕರ್ತರು ತಾವೇ ಆಗಿದ್ದಾರೆಯೇ ಎಂದು. ಶೂನ್ಯದಿಂದ ಹುಟ್ಟುವುದು, ತನ್ನನ್ನು ತಾನೇ ಸೃಷ್ಟಿಸಿಕೊಳ್ಳುವುದು, ಇವೆರಡೂ ಹಾಕಿಂಗ್‌ರ ವಾದದ ಎರಡು ಕಂಬಗಳೇ ಆಗಿವೆ. ಬದ್ರ್‌ನ ಕೈದಿಗಳ ವಿಚಾರವಾಗಿ ಮದೀನಾಕ್ಕೆ ಬಂದಿದ್ದ ಜುಬೈರ್ ಬಿನ್ ಮುತ್‌ಇಮ್ ಅಂದಿಗೆ ಇಸ್ಲಾಮನ್ನು ಸ್ವೀಕರಿಸಿರಲಿಲ್ಲ. ಮಗ್ರಿಬ್ ನಮಾಝಿನಲ್ಲಿ ಪ್ರವಾದಿಯವರು(ಸ) ಈ ಅಧ್ಯಾಯವನ್ನು ಪಠಿಸುತ್ತಿದ್ದುದನ್ನು ಅವರು ಆಲಿಸಿದರು. ಈ ಸೂಕ್ತಗಳು ಬಂದಾಗ ತನ್ನ ಹೃದಯವೇ ಹಾರಿಹೋಗುವಂತಾಯಿತೆಂದು ಅವರು ನಂತರ ನೆನೆದದ್ದು ಸಹೀಹುಲ್ ಬುಖಾರಿಯಲ್ಲಿ ದಾಖಲಾಗಿದೆ. ಅವರನ್ನು ಅಲುಗಾಡಿಸಿದ್ದು ಒಂದು ಪ್ರಶ್ನೆ ಎಂಬುದು ಗಮನಾರ್ಹ. ಕುರ್‌ಆನ್ ಬೇಲಿ ಹಾಕುವುದಿಲ್ಲ, ಯೋಚಿಸಲು ಕರೆಯುತ್ತದೆ.

ಇಲ್ಲಿ ನಮಗೂ ಒಂದು ಎಚ್ಚರಿಕೆ ಅಗತ್ಯ. ಮಹಾಸ್ಫೋಟ ಸಿದ್ಧಾಂತವು ಸೃಷ್ಟಿಯನ್ನು ದೃಢಪಡಿಸಿತೆಂಬ ಧಾಟಿಯಲ್ಲಿ 1951ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಮಾತನಾಡಿದಾಗ ಅದನ್ನು ಇಷ್ಟಪಡದವರು ಆ ಸಿದ್ಧಾಂತದ ಜನಕರಾದ ಲೆಮೈತ್ರ್ ಅವರೇ. ತನ್ನ ಸಿದ್ಧಾಂತವು ಧಾರ್ಮಿಕ ಪ್ರಶ್ನೆಗಳ ಹೊರಗಿದೆ ಎಂಬುದು ಅವರ ನಿಲುವಾಗಿತ್ತು. ವಿಶ್ವಾಸದ ಕೊರತೆಯಿಂದ ಅವರು ಹಾಗೆ ಹೇಳಲಿಲ್ಲ. ಇಂದಿನ ಸಿದ್ಧಾಂತ ನಾಳೆ ತಿದ್ದುಪಡಿಗೊಳ್ಳಬಹುದೆಂದು ವಿಜ್ಞಾನಿಗೆ ತಿಳಿದಿರುತ್ತದೆ. ಪ್ರತಿಯೊಂದು ಹೊಸ ಆವಿಷ್ಕಾರವೂ ಕುರ್‌ಆನಿನಲ್ಲಿ ಮೊದಲೇ ಇತ್ತೆಂದು ಸಾರುವ ಅವಸರ ನಮ್ಮಲ್ಲಿಯೂ ಇದೆ. ಅಲ್ಲಾಹನ ವಚನವನ್ನು ಬದಲಾಗುವ ಸಿದ್ಧಾಂತಕ್ಕೆ ಕಟ್ಟಿಹಾಕಿದರೆ, ಸಿದ್ಧಾಂತ ಬದಲಾದ ದಿನ ನಮ್ಮ ಮಕ್ಕಳ ವಿಶ್ವಾಸವೂ ಅಲುಗಾಡೀತು. ಹಾಗೆಯೇ ನಮ್ಮನ್ನು ಒಪ್ಪದ ವಿಜ್ಞಾನಿಯನ್ನು ಹೀಯಾಳಿಸುವುದೂ, ಅವರ ಕಾಯಿಲೆಯನ್ನು ಶಿಕ್ಷೆಯೆಂದು ವ್ಯಾಖ್ಯಾನಿಸುವುದೂ ಮುಸ್ಲಿಮನಿಗೆ ಭೂಷಣವಲ್ಲ. ಗಝಾಲಿಯವರು ತತ್ವಜ್ಞಾನಿಗಳನ್ನು ಖಂಡಿಸುವ ಮೊದಲು ಅವರ ವಾದಗಳನ್ನು ವಿವರಿಸುವುದಕ್ಕೆಂದೇ ಪ್ರತ್ಯೇಕ ಗ್ರಂಥವನ್ನು ಬರೆದಿದ್ದರು. ಭಿನ್ನಾಭಿಪ್ರಾಯದ ಶಿಷ್ಟಾಚಾರಕ್ಕೆ ಇದಕ್ಕಿಂತ ಉತ್ತಮ ಮಾದರಿ ಬೇಕಿಲ್ಲ.

ಆದ್ದರಿಂದ ಮಗನೋ ಮಗಳೋ ಹಾಕಿಂಗ್‌ರ ಪುಸ್ತಕ ಹಿಡಿದು ಬಂದಾಗ ನಾವು ಭಯಪಡಬೇಕಾಗಿಲ್ಲ. ಓದು ಎನ್ನೋಣ, ಸಾಧ್ಯವಾದರೆ ಜೊತೆಗೆ ಕುಳಿತು ಓದೋಣ. ಆ ದುರ್ಬಲ ದೇಹದಲ್ಲಿ ಅಲ್ಲಾಹನು ಇಟ್ಟಿದ್ದ ಬುದ್ಧಿಶಕ್ತಿಯನ್ನು ಕಂಡು ಬೆರಗಾಗೋಣ. ವಿಶ್ವವು ಹೇಗೆ ವಿಸ್ತರಿಸಿತೆಂಬುದನ್ನು ಆ ಪುಸ್ತಕದಿಂದ ಕಲಿಯೋಣ. ಅದು ಏಕೆ ಇದೆ ಎಂಬ ಪ್ರಶ್ನೆ ಬಂದಾಗ, ಅಂದು ಮಗ್ರಿಬ್‌ನ ಹೊತ್ತಿಗೆ ಜುಬೈರ್ ಕೇಳಿಸಿಕೊಂಡ ಆ ಎರಡು ಪ್ರಶ್ನೆಗಳನ್ನು ಮಕ್ಕಳ ಮುಂದಿಟ್ಟು, ಅವರಿಗೆ ಯೋಚಿಸಲು ಸಮಯ ಕೊಡೋಣ.