ಯಂತ್ರದ ಶಾನುಭೋಗ

ದೊಡ್ಡ ಸರ್ವರಿನ ಮುಚ್ಚಳ ತೆಗೆದು, ಒಳಗಿನ ಪುಟ್ಟ ಕಾರ್ಡೊಂದನ್ನು ಕಿತ್ತು ಅದೇ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು ಕೈ ಪಳಗಿದವರಿಗೆ ಅಷ್ಟೇನೂ ಹೊತ್ತಿನ ಕೆಲಸವಲ್ಲ. ಆದರೂ ಆ ಕಾರ್ಡು ಮ್ಯಾನೇಜ್‌ಮೆಂಟ್ ಪ್ರೊಸೆಸರ್ ಆಗಿದ್ದರೆ ಅನುಭವಿಗಳು ಮೊದಲು ಕಾಗದ, ಲೇಖನಿ ಕೇಳುತ್ತಾರೆ, ತಿರುಪುಳಿ ಆಮೇಲೆ. ಈ ಎಚ್ಚರಿಕೆಗೆ ಕಾರಣವಾದ ಐವತ್ತು ವರ್ಷಗಳ ಇತಿಹಾಸವನ್ನು ಇಲ್ಲಿ ನೆನೆಯಬೇಕೆಂದಿದ್ದೇವೆ.

ಈ ಪುಟ್ಟ ಸಂಸ್ಕಾರಕವು ಬ್ಯಾಂಕಿನ ಬಡ್ಡಿಯನ್ನಾಗಲಿ ರೈಲಿನ ಆಸನವನ್ನಾಗಲಿ ಲೆಕ್ಕ ಹಾಕುವುದಿಲ್ಲ. ಫ್ಯಾನು ತಿರುಗುತ್ತಿದೆಯೇ, ಶಾಖ ಮಿತಿಯಲ್ಲಿದೆಯೇ, ವಿದ್ಯುತ್ತು ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತಾ ಕಂಡದ್ದನ್ನು ದಿನಚರಿಯಲ್ಲಿ ಬರೆದಿಡುತ್ತದೆ; ಹೇಳಿದಾಗ ದೊಡ್ಡ ಯಂತ್ರವನ್ನು ಎಬ್ಬಿಸುತ್ತದೆ, ಮಲಗಿಸುತ್ತದೆ. ಯಜಮಾನ ಮಲಗಿದ ಮೇಲೂ, ಗೋಡೆಯ ಪ್ಲಗ್ಗಿನಿಂದ ಬರುವ ಅಲ್ಪ ವಿದ್ಯುತ್ತಿನಲ್ಲಿ ಅದು ಎಚ್ಚರವಾಗಿಯೇ ಇರುತ್ತದೆ. ಹಿಂದಿನ ಹಳ್ಳಿಯ ಶಾನುಭೋಗರ ಹಾಗೆ: ಉಳುವವರು ಅವರಲ್ಲ, ಆಳುವವರೂ ಅಲ್ಲ, ಆದರೆ ಯಾವ ಹೊಲ ಯಾರದೆಂಬುದು ಅವರ ಕಡತದಲ್ಲಿರುತ್ತಿತ್ತು.

ಆರಂಭದಲ್ಲಿ ಇದು ಕೇವಲ ಯಜಮಾನನನ್ನು ಎಬ್ಬಿಸುವ ಕೆಲಸವಾಗಿತ್ತು. 1971ರಲ್ಲಿ ಐಬಿಎಂ ಹೊರತಂದ ಎಂಟು ಇಂಚಿನ ಫ್ಲಾಪಿ, ಯಾರ ಪತ್ರವನ್ನೂ ಉಳಿಸಿಕೊಳ್ಳಲು ಹುಟ್ಟಿದ್ದಲ್ಲ; ಸಿಸ್ಟಂ/370 ಯಂತ್ರಗಳಿಗೆ ಅವುಗಳ ಮೈಕ್ರೋಕೋಡನ್ನು ತುಂಬಲು ಹುಟ್ಟಿದ್ದು. 1975ರ ಹೊತ್ತಿಗೆ ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಯ ಕೆಎಲ್10 ಯಂತ್ರ, ಪಕ್ಕದಲ್ಲೊಂದು ಪಿಡಿಪಿ-11 ಇಲ್ಲದೆ ಕಣ್ಣನ್ನೇ ಬಿಡುತ್ತಿರಲಿಲ್ಲ. ಅದೇ ಸಂಸ್ಥೆ 1977ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವ್ಯಾಕ್ಸ್-11/780ರಲ್ಲಿ ಈ ಏರ್ಪಾಟು ಪಕ್ವಗೊಂಡಿತು. ಅದರ ಪೆಟ್ಟಿಗೆಯೊಳಗೆ ಎಲ್‌ಎಸ್‌ಐ-11 ಎಂಬ ಪುಟ್ಟ ಗಣಕ, ಅದಕ್ಕೊಂದು ಫ್ಲಾಪಿ. ನಿರ್ವಾಹಕ ಕಂಟ್ರೋಲ್-ಪಿ ಒತ್ತಿದರೆ ಅವನ ಮಾತು ದೊಡ್ಡ ಯಂತ್ರವನ್ನು ಬಿಟ್ಟು ಈ ಪುಟ್ಟದರ ಕಿವಿಗೆ ಬೀಳುತ್ತಿತ್ತು.

ವ್ಯಾಕ್ಸ್-11/780ರ ಮುಂಭಾಗದಲ್ಲಿದ್ದ ಇನ್ನೊಂದು ವಸ್ತುವಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು: ಒಂದು ಬೀಗದ ಕೈ. ನಿಜವಾದ, ಲೋಹದ ಬೀಗದ ಕೈ. ಅದನ್ನು ತಿರುಗಿಸಲು ಐದು ನೆಲೆಗಳಿದ್ದವು. ಒಂದು ನೆಲೆಯಲ್ಲಿ ಯಂತ್ರ ಆರಿರುತ್ತಿತ್ತು. ಎರಡು ನೆಲೆಗಳು ಕೋಣೆಯೊಳಗಿದ್ದವರಿಗೆ, ಇನ್ನೆರಡು ದೂರದಿಂದ ದೂರವಾಣಿಯ ತಂತಿಯ ಮೂಲಕ ಬರುವ ದುರಸ್ತಿಗಾರರಿಗೆ. ಆ ಎರಡೂ ಜೋಡಿಗಳಲ್ಲಿ ತಲಾ ಒಂದು ನೆಲೆ ಕಂಟ್ರೋಲ್-ಪಿಯನ್ನೇ ಕಿವುಡಾಗಿಸುತ್ತಿತ್ತು. ಅಂದರೆ ತಯಾರಿಸಿದ ಸಂಸ್ಥೆಯ ತಜ್ಞರೇ ಆಗಲಿ, ಯಂತ್ರದ ಒಡೆಯ ಎದ್ದುಹೋಗಿ ಕೀಲಿ ತಿರುಗಿಸುವವರೆಗೆ ಒಳಗೆ ಬರುವಂತಿರಲಿಲ್ಲ. ಭದ್ರತೆಯ ಬಗ್ಗೆ ಇಂದು ಬರೆಯಲಾಗುವ ದಪ್ಪ ದಸ್ತಾವೇಜುಗಳಿಗಿಂತ ಈ ಒಂದು ಬೀಗದ ಕೈ ಹೆಚ್ಚು ಸ್ಪಷ್ಟವಾಗಿ ಮಾತಾಡುತ್ತದೆಂದು ನಮಗನ್ನಿಸುತ್ತದೆ.

ವ್ಯಾಕ್ಸ್ ಕುಲದ ಯಂತ್ರಗಳು ನಮಗೂ ಅಪರಿಚಿತವಲ್ಲ. 1978ರಲ್ಲಿ ಐಬಿಎಂ ಭಾರತ ಬಿಟ್ಟಾಗ ಅದರ ಯಂತ್ರಗಳ ಆರೈಕೆ ಸರ್ಕಾರಿ ಸಂಸ್ಥೆಯಾದ ಸಿಎಂಸಿಯ ಹೆಗಲೇರಿತು. ಎಂಬತ್ತರ ದಶಕದಲ್ಲಿ ಅದೇ ಸಿಎಂಸಿ ದೆಹಲಿಯಲ್ಲಿ ರೈಲ್ವೆ ಮುಂಗಡ ಕಾಯ್ದಿರಿಸುವಿಕೆಯನ್ನು ವ್ಯಾಕ್ಸ್ ಯಂತ್ರಗಳ ಮೇಲೆ ನಿಲ್ಲಿಸಿತು. ಮುಂದೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದು ಎಂಬ ಐದು ಕೇಂದ್ರಗಳು 1999ರಲ್ಲಿ ಒಂದಕ್ಕೊಂದು ಬೆಸೆದುಕೊಂಡವು. ಊರಿಗೆ ಹೋಗುವ ಟಿಕೇಟಿಗಾಗಿ ಈ ನಗರಗಳ ಸಾಲುಗಳಲ್ಲಿ ನಿಂತ ನಮ್ಮಂಥ ಹೊರನಾಡ ಕನ್ನಡಿಗರು, ಕಿಟಕಿಯ ಹಿಂದಿನ ಗುಮಾಸ್ತನನ್ನು ಕಂಡಿದ್ದೇವೆ. ಅವನ ಹಿಂದಿನ ಯಂತ್ರವನ್ನು ಕಾಯುತ್ತಿದ್ದವರನ್ನು ಕಂಡವರು ಕಡಿಮೆ.

ಬೀಗದ ಕೈ ಮರೆಯಾದದ್ದು ಸದ್ದಿಲ್ಲದೆ. ಸರ್ವರುಗಳು ಹತ್ತರಿಂದ ಸಾವಿರವಾದಾಗ ಪ್ರತಿಯೊಂದರ ಮುಂದೆ ಹೋಗಿ ಕೀಲಿ ತಿರುಗಿಸಲು ಯಾರಿಗೆ ಪುರಸತ್ತು? 1998ರಲ್ಲಿ ಇಂಟೆಲ್, ಎಚ್‌ಪಿ, ಡೆಲ್, ಎನ್‌ಇಸಿ ಸಂಸ್ಥೆಗಳು ಐಪಿಎಂಐ ಎಂಬ ಸಮಾನ ನಿಯಮಾವಳಿಯನ್ನು ಹೊರಡಿಸಿದವು. ಕಾವಲಿನ ಸಂಸ್ಕಾರಕಗಳೆಲ್ಲ ಒಂದೇ ಭಾಷೆ ಕಲಿತವು, ಜಾಲಕ್ಕೂ ಸೇರಿಕೊಂಡವು. 2013ರಲ್ಲಿ ಡ್ಯಾನ್ ಫಾರ್ಮರ್ ಎಂಬ ಭದ್ರತಾ ತಜ್ಞ ಇದರ ದೋಷವನ್ನು ಎತ್ತಿ ತೋರಿಸಿದ: ಬಳಕೆದಾರನ ಹೆಸರು ಹೇಳಿದರೆ ಸಾಕು, ಗುರುತು ಖಚಿತವಾಗುವ ಮೊದಲೇ ಐಪಿಎಂಐ 2.0 ಗುಪ್ತಪದದ ಗೂಢರೂಪವನ್ನು ಕೇಳಿದವರ ಕೈಗಿಡುತ್ತಿತ್ತು. ಅದನ್ನು ಮನೆಗೊಯ್ದು ನಿಧಾನವಾಗಿ ಬಿಡಿಸಬಹುದಿತ್ತು. 2017ರಲ್ಲಿ ಸರಿಪಡಿಸಲಾದ ಎಚ್‌ಪಿಯ ಐಎಲ್‌ಓ 4ರ ದೋಷವಂತೂ ನಗೆ ಬರಿಸುವಂಥದ್ದು. 'ಎ' ಅಕ್ಷರವನ್ನು ಒಂದೇ ಸಾಲಿನಲ್ಲಿ 29 ಬಾರಿ ಕಳುಹಿಸಿದರೆ ಬಾಗಿಲು ತೆರೆದುಕೊಳ್ಳುತ್ತಿತ್ತು.

ಬೀಗದ ಕತೆ ಹೀಗಾದರೆ ಕಡತದ ಕತೆ ಇನ್ನೂ ಸೂಕ್ಷ್ಮ. ಸನ್ ಸಂಸ್ಥೆಯ ಹಳೆಯ ಸ್ಪಾರ್ಕ್‌ಸ್ಟೇಷನ್ನುಗಳಲ್ಲಿ ಯಂತ್ರದ ಗುರುತಿನ ಸಂಖ್ಯೆ ಮತ್ತು ಜಾಲದ ವಿಳಾಸ ಒಂದು ಚಿಪ್ಪಿನಲ್ಲಿದ್ದವು. ಅದರೊಳಗೇ ಹುದುಗಿದ ಬ್ಯಾಟರಿ ಅವನ್ನು ನೆನಪಿಟ್ಟುಕೊಳ್ಳುತ್ತಿತ್ತು. ವರ್ಷಗಳು ಕಳೆದು ಬ್ಯಾಟರಿ ಸತ್ತ ದಿನ ಯಂತ್ರ ತನ್ನ ಹೆಸರನ್ನೇ ಮರೆಯುತ್ತಿತ್ತು. ಬಿಡಿಭಾಗಗಳೆಲ್ಲ ಚೆನ್ನಾಗಿದ್ದರೂ, ಆ ಸಂಖ್ಯೆಗೆಂದೇ ಪರವಾನಗಿ ಪಡೆದ ತಂತ್ರಾಂಶ "ನೀನಾರೋ ನಾನರಿಯೆ" ಎಂದು ಕೈಯಾಡಿಸುತ್ತಿತ್ತು. ಈ ಪಾಠದಿಂದಲೋ ಏನೋ, ಸನ್ ತನ್ನ ಮುಂದಿನ ಹಲವು ಸರ್ವರುಗಳಲ್ಲಿ ಗುರುತನ್ನು ಕಳಚಬಹುದಾದ ಒಂದು ಸಣ್ಣ ಕಾರ್ಡಿನಲ್ಲಿಟ್ಟಿತು. ದೊಡ್ಡ ಫಲಕ ಸುಟ್ಟುಹೋದರೆ ದುರಸ್ತಿಗಾರ ಈ ಕಾರ್ಡನ್ನು ಹಳತರಿಂದ ತೆಗೆದು ಹೊಸತಕ್ಕೆ ಹಾಕುತ್ತಿದ್ದ. ದೇಹ ಬದಲಾದರೂ ಹೆಸರು ಮುಂದುವರಿಯುತ್ತಿತ್ತು. ಎಚ್‌ಪಿಯ ಇಂಟೆಗ್ರಿಟಿ ಸಾಲಿನಲ್ಲಿ ಇನ್ನೊಂದು ಉಪಾಯವಿತ್ತು: ಕ್ರಮಸಂಖ್ಯೆಯ ಎರಡು ಪ್ರತಿಗಳು ಬೇರೆಬೇರೆ ಫಲಕಗಳಲ್ಲಿ. ಒಂದನ್ನು ಬದಲಿಸಿದರೆ ಇನ್ನೊಂದರಿಂದ ನಕಲು ತೆಗೆಯಬಹುದು. ಎರಡನ್ನೂ ಒಟ್ಟಿಗೇ ಬದಲಿಸಿದ ಯಂತ್ರಕ್ಕೆ ಸಾಕ್ಷಿ ಹೇಳುವವರು ಯಾರೂ ಉಳಿಯುವುದಿಲ್ಲ.

ಮೊದಲಿಗೆ ಹೇಳಿದ ಕಾಗದ, ಲೇಖನಿ ಇದಕ್ಕೇ. ಕಾರ್ಡಿನಲ್ಲಿದ್ದ ಜಾಲವಿಳಾಸ, ಬಳಕೆದಾರರ ಪಟ್ಟಿ, ಫರ್ಮ್‌ವೇರಿನ ಆವೃತ್ತಿ, ಪ್ರತ್ಯೇಕವಾಗಿ ಹಣ ತೆತ್ತು ಪಡೆದ ಪರವಾನಗಿಯ ಸಂಖ್ಯೆ, ಎಲ್ಲವನ್ನೂ ಬರೆದುಕೊಳ್ಳಬೇಕು. ಹೊಸ ಕಾರ್ಡಿಗೆ ಅವು ತಾವಾಗಿ ಬರುವುದಿಲ್ಲ. ಸರ್ವರನ್ನು ಆರಿಸಿದರಷ್ಟೇ ಸಾಲದು, ಪ್ಲಗ್ಗುಗಳನ್ನೂ ಕಿತ್ತಿಡಬೇಕು. ಶಾನುಭೋಗರು ಎಚ್ಚರವಾಗಿರುವುದು ಆ ತಂತಿಯಿಂದಲೇ. ಹೊಸ ಕಾರ್ಡಿನ ಆವೃತ್ತಿ ಉಳಿದ ಫರ್ಮ್‌ವೇರಿನೊಂದಿಗೆ ಹೊಂದದಿದ್ದರೆ ಮತ್ತೊಂದು ಸುತ್ತು.

ಇಂಟೆಗ್ರಿಟಿಯ ಜೀವಾಳವಾದ ಇಟಾನಿಯಂ ಚಿಪ್ಪಿನ ಕೊನೆಯ ರವಾನೆ ನಡೆದದ್ದು 2021ರ ಜುಲೈಯಲ್ಲಿ. ಎಚ್‌ಪಿ-ಯುಎಕ್ಸ್‌ಗಿದ್ದ ಬೆಂಬಲವೂ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಇನ್ನು ಇಂಥ ಯಂತ್ರಕ್ಕೆ ಬದಲಿ ಕಾರ್ಡು ಬೇಕೆಂದರೆ ಬಿಚ್ಚಿಹಾಕಿದ ಇನ್ನೊಂದು ಯಂತ್ರವೇ ಗತಿ. ಹಾಗೆ ಬಂದ ಕಾರ್ಡು ಹಳೆಯ ಒಡೆಯರ ಹೆಸರು, ಗುಪ್ತಪದಗಳನ್ನು ಹೊತ್ತುಕೊಂಡೇ ಬರಬಹುದು. ಅದನ್ನು ಮರೆಸುವುದಕ್ಕೆ ಜಾಲದ ಮೂಲಕ ದಾರಿಯಿಲ್ಲ. ಸರ್ವರಿನ ಹಿಂದೆ ಹೋಗಿ, ಸೀರಿಯಲ್ ತಂತಿ ಜೋಡಿಸಿ, ಕಾರ್ಡಿನ ಸಣ್ಣ ಗುಂಡಿಯನ್ನು ನಾಲ್ಕು ಸೆಕೆಂಡಿಗೂ ಹೆಚ್ಚು ಕಾಲ ಅದುಮಿ ಹಿಡಿದು, ಪರದೆಯಲ್ಲಿ ಪ್ರಶ್ನೆ ಮೂಡಿದೊಡನೆ 'ಪಿ' ಒತ್ತಬೇಕು. ಕೋಣೆಯಲ್ಲಿ ನಿಂತವನಿಗೆ ಮಾತ್ರ ಅದು ಮಣಿಯುತ್ತದೆ.