ಆಕಾಶವಾಣಿಯ ಮೇಷ್ಟ್ರು ಮತ್ತು ನನ್ನ ತಂಗಿಯ ಅರ್ಜಿ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಒಂದು ರಿಲೀಸು, ಅದು ಮುಗಿಯುವಷ್ಟರಲ್ಲಿ ಇನ್ನೊಂದು ರಿಲೀಸು... ನಿಮಗೆ ಗೊತ್ತಿರುವ ಕಥೆಯೇ. ಈ ಸಲ ಮಾತ್ರ ಬರೆಯಲೇಬೇಕು ಅನ್ನಿಸಿತು. ಅದಕ್ಕೆ ಕಾರಣ ನಮ್ಮ ಚಿಕ್ಕಪ್ಪ.

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಯಡಿಯೂರು. ಸಿದ್ಧಲಿಂಗೇಶ್ವರ ಸ್ವಾಮಿಯ ಯಡಿಯೂರು, ಕುಣಿಗಲ್ ತಾಲ್ಲೂಕು. ಬೆಂಗಳೂರಿನ ಜಯನಗರದ ಪಕ್ಕ ಇರುವ ಯಡಿಯೂರಲ್ಲ, ಪ್ರತಿ ಸಲವೂ ಇದನ್ನು ಹೇಳಬೇಕು ನೋಡಿ :) ಊಟ ಮುಗಿಸಿ ಜಗಲಿ ಮೇಲೆ ಕೂತಾಗ ಚಿಕ್ಕಪ್ಪ ವಿಷಯ ತೆಗೆದರು. ಅವರ ಮಗಳು, ನನ್ನ ತಂಗಿ, ಪಿಯುಸಿ ಮುಗಿಸಿದ್ದಾಳೆ. ಮೈಸೂರಿಗೆ ಹೋಗಿ ಸೈಕಾಲಜಿ ಓದ್ತೀನಿ ಅಂತ ಹಟ. "ಹುಚ್ಚರ ಶಾಸ್ತ್ರ ಓದಿದವಳಿಗೆ ಯಾರು ಹೆಣ್ಣು ನೋಡೋಕೆ ಬರ್ತಾರೋ? ನೀನು ಓದಿದವನು, ನಿನ್ನ ಮಾತು ಕೇಳ್ತಾಳೆ. ಕಂಪ್ಯೂಟರ್ ತಗೋ ಅಂತ ಹೇಳಿ ಒಪ್ಸು" ಅಂದರು.

ನಿಜ ಹೇಳಿಬಿಡ್ತೀನಿ, ಆವತ್ತು ನನಗೂ ಚಿಕ್ಕಪ್ಪನ ಮಾತೇ ಸರಿ ಅನ್ನಿಸಿತ್ತು. ಅವಳನ್ನು ಒಪ್ಪಿಸೋಕೆ ನಾಲ್ಕು ಗಟ್ಟಿ ಕಾರಣ ಬೇಕು ಅಂತಲೇ ರಾತ್ರಿ ಕೂತು ಮೈಸೂರಿನ ಮನಶ್ಶಾಸ್ತ್ರ ವಿಭಾಗದ ಬಗ್ಗೆ ಹುಡುಕೋಕೆ ಶುರು ಮಾಡಿದೆ. ಮೊದಲು ಸಿಕ್ಕಿದ್ದೇ ರೇಡಿಯೋ!

ನಮ್ಮ ತಾತನ ಹಣ್ಣುಕಾಯಿ ಅಂಗಡಿಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಬೆಳಿಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆಯ "ಇಯಂ ಆಕಾಶವಾಣಿ" ಕೇಳಿದರೆ ನಾವು ಎದ್ದು ಹಲ್ಲುಜ್ಜಬೇಕು ಅಂತ ಲೆಕ್ಕ. ಆ 'ಆಕಾಶವಾಣಿ' ಎಂಬ ಹೆಸರನ್ನು ನಮ್ಮ ದೇಶದಲ್ಲಿ ಮೊದಲು ರೇಡಿಯೋ ನಿಲಯಕ್ಕೆ ಇಟ್ಟಿದ್ದು ಮೈಸೂರಿನಲ್ಲಿ ಅನ್ನುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ. 1935ರ ಸೆಪ್ಟೆಂಬರ್ 10ರಂದು ಡಾ. ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರೊಫೆಸರು 'ವಿಠ್ಠಲ ವಿಹಾರ' ಎಂಬ ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಇವತ್ತಿನ ಕರೆಂಟು ಉಳಿಸುವ ಸೀಲಿಂಗ್ ಫ್ಯಾನ್ ತಿರುಗೋಕೆ ಬೇಕಾಗುವಷ್ಟು! ಆಗಿನ್ನೂ 'ಆಲ್ ಇಂಡಿಯಾ ರೇಡಿಯೋ' ಅನ್ನುವ ಹೆಸರೇ ಹುಟ್ಟಿರಲಿಲ್ಲ, ಅದು ಬಂದಿದ್ದು 1936ರ ಜೂನ್‌ನಲ್ಲಿ. 1942ರಲ್ಲಿ ನಿಲಯವನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು, 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. 'ಆಕಾಶವಾಣಿ' ಎಂಬ ಹೆಸರು ಆಮೇಲೆ ಇಡೀ ದೇಶದ್ದಾಯಿತು. 2023ರಲ್ಲಿ ಪ್ರಸಾರ ಭಾರತಿ 'ಆಲ್ ಇಂಡಿಯಾ ರೇಡಿಯೋ' ಅನ್ನುವುದನ್ನೇ ಕೈಬಿಟ್ಟು 'ಆಕಾಶವಾಣಿ' ಒಂದನ್ನೇ ಉಳಿಸಿಕೊಂಡಿತು.

ಇಲ್ಲಿಯವರೆಗೆ ಕ್ವಿಜ್ ಪುಸ್ತಕದಲ್ಲೂ ಇರುತ್ತೆ. ಆದರೆ ಈ ಪ್ರೊಫೆಸರು ಯಾವುದರ ಪ್ರೊಫೆಸರು? ನಾನು ಇಷ್ಟು ದಿನ ಭೌತಶಾಸ್ತ್ರ ಇರಬೇಕು ಅಂದುಕೊಂಡಿದ್ದೆ. ಅಲ್ಲ ಸ್ವಾಮಿ, ಮನಶ್ಶಾಸ್ತ್ರ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಶುರುವಾದ ವಿಭಾಗವನ್ನು ಕಟ್ಟಿದವರೇ ಅವರು. ಭಾರತದಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಮೊದಲು ಬಂದಿದ್ದು 1916ರಲ್ಲಿ ಕಲ್ಕತ್ತಾದಲ್ಲಿ, ಎರಡನೆಯದೇ ನಮ್ಮ ಮೈಸೂರು.

ಕಲ್ಕತ್ತಾ ಬಿಟ್ಟರೆ ಮುಂಬೈ ಇಲ್ಲ, ಮದ್ರಾಸ್ ಇಲ್ಲ, ಮೈಸೂರೇ ಯಾಕೆ? ಆಗ ಇಲ್ಲಿ ಕುಲಪತಿಯಾಗಿದ್ದವರು ಬ್ರಜೇಂದ್ರನಾಥ ಸೀಲ್. 1905ರಲ್ಲೇ ಕಲ್ಕತ್ತಾಕ್ಕೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ಬರೆದುಕೊಟ್ಟವರು ಅವರೇ. 1921ರ ಹೊತ್ತಿಗೆ ನಾಲ್ವಡಿಯವರ ಮೈಸೂರಿಗೆ ಬಂದರು, ಮೂರು ವರ್ಷಕ್ಕೆ ಇಲ್ಲೂ ವಿಭಾಗ ಬಂತು. ನನಗೇನೋ ಇದು ಬರೀ ಕಾಕತಾಳೀಯ ಅಂತ ಅನ್ನಿಸುವುದಿಲ್ಲ.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿದ್ದು ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ. ಈ ಹೆಸರು ಕೇಳಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಮ್ಮ ಆಫೀಸಿನಲ್ಲಿ ಡೇಟಾ ಟೀಮಿನವರು 'ಫ್ಯಾಕ್ಟರ್ ಅನಾಲಿಸಿಸ್', 'ಸ್ಪಿಯರ್‌ಮನ್ ಕೋರಿಲೇಶನ್' ಅಂತ ದಿನಾ ಬಡಬಡಿಸುತ್ತಾರಲ್ಲ, ಅದೇ ಸ್ಪಿಯರ್‌ಮನ್! ಆತ 1897ರಲ್ಲಿ ಬ್ರಿಟಿಷ್ ಸೈನ್ಯದ ಕೆಲಸ ಬಿಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ವಿಲ್ಹೆಲ್ಮ್ ವುಂಟ್ ಬಳಿ ಕಲಿತವನು. ವುಂಟ್ 1879ರಲ್ಲಿ ಅಲ್ಲಿ ತೆರೆದ ಪ್ರಯೋಗಾಲಯವನ್ನೇ ಆಧುನಿಕ ಮನಶ್ಶಾಸ್ತ್ರದ ಹುಟ್ಟು ಅನ್ನುತ್ತಾರೆ. ಕಲ್ಕತ್ತಾದ ಮೊದಲ ಮುಖ್ಯಸ್ಥ ಎನ್.ಎನ್. ಸೇನ್‌ಗುಪ್ತ ಕಲಿತದ್ದು ಹಾರ್ವರ್ಡಿನ ಮ್ಯುನ್‌ಸ್ಟರ್‌ಬರ್ಗ್ ಬಳಿ, ಆತನೂ ವುಂಟ್ ಶಿಷ್ಯನೇ. ಅಂದರೆ ನಮ್ಮ ದೇಶದ ಮೊದಲ ಎರಡು ವಿಭಾಗಗಳೂ ಒಂದೇ ತಾತನ ಮೊಮ್ಮಕ್ಕಳು.

ಲೈಪ್‌ಜಿಗ್‌ನ ಆ ಲ್ಯಾಬಿನಲ್ಲಿ ಮಂಚ ಇರಲಿಲ್ಲ, ಹುಚ್ಚರೂ ಇರಲಿಲ್ಲ. ಇದ್ದದ್ದು ಗಡಿಯಾರಗಳು, ತಂತಿಗಳು, ವಿದ್ಯುತ್ ಗುಂಡಿಗಳು. ಒಂದು ಶಬ್ದ ಕೇಳಿದ ಮೇಲೆ ಮನುಷ್ಯ ಗುಂಡಿ ಒತ್ತೋಕೆ ಎಷ್ಟು ಹೊತ್ತು ತಗೋತಾನೆ ಅಂತ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುವುದು ಅವರ ಕೆಲಸ. ನಾವು ಸರ್ವರ್ ರೆಸ್ಪಾನ್ಸ್ ಟೈಮ್ ಅಳೆಯುವ ಹಾಗೆ. ಗೋಪಾಲಸ್ವಾಮಿಯವರದೂ ಅದೇ ದಾರಿ. ಕೈಚಳಕದ ಕೆಲಸ ಕಲಿಯುವುದರಲ್ಲಿ ಬುದ್ಧಿಯ ಪಾಲೆಷ್ಟು ಅನ್ನುವುದರ ಮೇಲೆ ಅವರ ಲೇಖನ 1924ರಲ್ಲೇ 'ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ'ಯಲ್ಲಿ ಬಂತು. ಆ ಕಾಲದ ಪ್ರಾಯೋಗಿಕ ಮನಶ್ಶಾಸ್ತ್ರಜ್ಞ ಅಂದರೆ ಅರ್ಧ ಮೆಕ್ಯಾನಿಕ್. ಮನೆಯಲ್ಲಿ ರೇಡಿಯೋ ನಿಲಯ ಕಟ್ಟಿದ್ದು ಮೇಷ್ಟ್ರ ಬಿಡುವಿನ ಹವ್ಯಾಸ ಅಂತ ಎಲ್ಲರೂ ಬರೀತಾರೆ. ನನ್ನ ಊಹೆ ಬೇರೆ. ಲ್ಯಾಬಿನಲ್ಲಿ ಪಳಗಿದ ಕೈಯೇ ರೇಡಿಯೋ ಕಟ್ಟಿದ್ದು. ನಾವು ರೇಡಿಯೋ ನೆನಪಿಟ್ಟುಕೊಂಡು ಲ್ಯಾಬನ್ನು ಮರೆತೆವು, ಅಷ್ಟೇ.

ಹುಡುಕುವಾಗ ಒಂದು ತಮಾಷೆಯೂ ಆಯಿತು. ಅರ್ಧ ಗಂಟೆ ಓದಿದ ಮೇಲೆ ಗೊತ್ತಾಯಿತು, ನಾನು ಓದುತ್ತಿದ್ದದ್ದು ಗೋಪಾಲಸ್ವಾಮಿ ಬಗ್ಗೆ ಅಲ್ಲ, ಡಾ. ಎಂ.ವಿ. ಗೋವಿಂದಸ್ವಾಮಿ ಬಗ್ಗೆ! ಇನಿಷಿಯಲ್ಲೂ ಅದೇ, ಸಂಸ್ಥಾನವೂ ಅದೇ. ಇವರು ಮನೋವೈದ್ಯರು, ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮನೋವೈದ್ಯ ಬೇರೆ, ಮನಶ್ಶಾಸ್ತ್ರಜ್ಞ ಬೇರೆ ಅಂತ ನಾನೇ ಗೊಂದಲ ಮಾಡಿಕೊಂಡ ಮೇಲೆ ಚಿಕ್ಕಪ್ಪನ್ನ ಏನಂತ ಅನ್ನಲಿ?

ಮೈಸೂರು ವಿಭಾಗದ ಇನ್ನೊಂದು ಹೆಸರು ಬಿ. ಕುಪ್ಪುಸ್ವಾಮಿ. ಅವರೂ ಅಲ್ಲಿ ಪ್ರೊಫೆಸರಾಗಿ ವಿಭಾಗದ ಮುಖ್ಯಸ್ಥರಾಗಿದ್ದವರು. ತುಮಕೂರಿನಲ್ಲಿ ಎಂ.ಡಿ. ಮಾಡುತ್ತಿರುವ ನನ್ನ ಸ್ನೇಹಿತನಿಗೆ ಫೋನಿನಲ್ಲಿ ಈ ಹೆಸರು ಹೇಳಿದೆ. "ಅಯ್ಯೋ, ಕುಪ್ಪುಸ್ವಾಮಿ ಸ್ಕೇಲಾ? ಅದಿಲ್ದೆ ನನ್ನ ಥೀಸಿಸ್ಸೇ ಇಲ್ಲ ಮಗಾ" ಅಂದ. ನಗರದ ಒಂದು ಕುಟುಂಬ ಯಾವ ಆರ್ಥಿಕ-ಸಾಮಾಜಿಕ ಮಟ್ಟದಲ್ಲಿದೆ ಅಂತ ಅಳೆಯೋಕೆ 1976ರಲ್ಲಿ ಪ್ರಕಟಿಸಿದ ಅಳತೆಗೋಲು ಅದು. ಮೂರೇ ಪ್ರಶ್ನೆ: ಮನೆಯ ಯಜಮಾನರ ಓದು, ಉದ್ಯೋಗ, ಕುಟುಂಬದ ಆದಾಯ. ಒಟ್ಟು 29 ಅಂಕ. ಆದಾಯದ ಅಂಕಿಗಳನ್ನು ಮಾತ್ರ ಬೆಲೆ ಸೂಚ್ಯಂಕ ನೋಡಿಕೊಂಡು ಆಗಾಗ ಬದಲಿಸಿ ಪ್ರಕಟಿಸುತ್ತಲೇ ಇರುತ್ತಾರೆ (ಹಾರ್ಡ್‌ಕೋಡ್ ಮಾಡಿದರೆ ಆಗುವ ಕಷ್ಟ ನಮಗೆ ಗೊತ್ತಲ್ಲ!). ಬರೆದವರು ಮೈಸೂರಿನ ಮೇಷ್ಟ್ರು ಅಂತ ನನ್ನ ಸ್ನೇಹಿತನಿಗೆ ಗೊತ್ತೇ ಇರಲಿಲ್ಲ. ಯಾರೋ ಮದ್ರಾಸಿನ ಡಾಕ್ಟರು ಅಂದುಕೊಂಡಿದ್ದನಂತೆ.

ವಿಭಾಗ ಈಗ ಮಾನಸಗಂಗೋತ್ರಿಯಲ್ಲಿದೆ. 2024ಕ್ಕೆ ಅದು ಶುರುವಾಗಿ ನೂರು ವರ್ಷ ತುಂಬಿತು. ಆ ಆವರಣಕ್ಕೆ ಹೆಸರಿಟ್ಟವರು ಕುವೆಂಪು. ಹೆಸರಿನಲ್ಲೇ ಮನಸ್ಸಿದೆ ನೋಡಿ.

ಇಷ್ಟೂ ಓದಿದ ಮೇಲೆ ಮುಂದಿನ ಶನಿವಾರ ಮತ್ತೆ ಊರಿಗೆ ಹೋದೆ. ಚಿಕ್ಕಪ್ಪನಿಗೆ ಗೋಪಾಲಸ್ವಾಮಿ, ಸ್ಪಿಯರ್‌ಮನ್ ಎಲ್ಲಾ ಹೇಳಿದೆ. ಆಕಾಶವಾಣಿ ಅಂದಾಗ ಮಾತ್ರ ತಲೆ ಎತ್ತಿದರು. "ತಾತನ ರೇಡಿಯೋದು?" "ಹೂಂ ಚಿಕ್ಕಪ್ಪ, ಅದೇ ಹೆಸರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸ ಸಿಗುತ್ತಾ?" ಅಂದರು. ಅದಕ್ಕೆ ಸುಳ್ಳು ಹೇಳಲಿಲ್ಲ. ಬರೀ ಬಿ.ಎ. ಸಾಲದು, ಎಂ.ಎ. ಮಾಡಬೇಕು, ಆಮೇಲೆ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕಂದರೆ ಕ್ಲಿನಿಕಲ್ ತರಬೇತಿ ಮುಗಿಸಿ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಆಗಬೇಕು, ಹತ್ತಿರ ಹತ್ತಿರ ಏಳು ವರ್ಷ ಅಂದೆ.

"ಏಳು ವರ್ಷಾನಾ!"

ನನ್ನ ತಂಗಿ ಅಡುಗೆಮನೆ ಬಾಗಿಲಿಂದಲೇ, "ಅಣ್ಣ ನಾಲ್ಕು ವರ್ಷದ ಇಂಜಿನಿಯರಿಂಗ್‌ನ ಐದು ವರ್ಷ ಓದ್ಲಿಲ್ವಾ ಅಪ್ಪ" ಅಂದಳು. ಚಿಕ್ಕಪ್ಪ ನಕ್ಕುಬಿಟ್ಟರು. ಚಿಕ್ಕಮ್ಮ ಮಾತ್ರ ಇನ್ನೂ ಒಪ್ಪಿಲ್ಲ. ಅರ್ಜಿ ತುಂಬಿದ್ದಾಗಿದೆ, ಬರುವ ಸೋಮವಾರ ನಾನೇ ರಜೆ ಹಾಕಿ ಅವಳನ್ನು ಕರ್ಕೊಂಡು ಹೊರಡ್ತಿದ್ದೀನಿ. ಬೆಳ್ಳೂರು ಕ್ರಾಸ್‌ನಲ್ಲಿ ಬಸ್ಸು ಬದಲಿಸಿ, ನಾಗಮಂಗಲದ ಮೇಲೆ ಮೈಸೂರು.